ಹುಳುಕಿಲ್ಲದ ಹಲ್ಲೂ ಸವೆಯುವುದೇಕೆ?

ಪ್ರಶ್ನೆ: ನನಗೆ 45 ವರ್ಷ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ, ಒಂದು ಹಲ್ಲೂ ಹುಳುಕಾಗಿಲ್ಲ. ಆದರೂ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಹಲ್ಲು ಸವೆದಿದೆ ಎಂದು ದಂತವೈದ್ಯರು ಹೇಳಿದರು. ಇದು ವಯಸ್ಸಿನಿಂದಲೇ ಆಗಿದೆಯೇ?

ಉತ್ತರ: ವಯಸ್ಸಾದಂತೆ ಎಲ್ಲರ ಹಲ್ಲೂ ಒಂದಿಷ್ಟು ಸವೆಯುವುದು ನಿಜ. ಆದರೆ ಈ ವಯಸ್ಸಿಗೇ ಜುಮ್ಮೆನ್ನುವಷ್ಟು ಸವೆದಿದ್ದರೆ ವಯಸ್ಸನ್ನೇ ದೂರಿ ಸುಮ್ಮನಾಗಬಾರದು. ಹುಳುಕಿನ ಹಿಂದೆ ಬ್ಯಾಕ್ಟೀರಿಯಾಗಳಿದ್ದರೆ, ಸವೆತದ ಹಿಂದೆ ಇರುವುದು ಆಹಾರದ ಅಥವಾ ಹೊಟ್ಟೆಯ ಆಮ್ಲ ಮತ್ತು ತಿಕ್ಕಾಟ. ಇವೆರಡೂ ಕೂಡಿದಲ್ಲಿ ಹಾನಿ ಬೇಗ ಆಗುತ್ತದೆ. ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ; ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗಿ ಅದರ ಮೇಲ್ಮೈ ಮೆತ್ತಗಾಗುತ್ತದೆ. ನಿಂಬೆರಸ, ಕೋಲಾಗಳ ಪಿಎಚ್ 2ರಿಂದ 3ರ ಆಸುಪಾಸಿನಲ್ಲಿರುತ್ತದೆ. ಜೊಲ್ಲು ಈ ಆಮ್ಲವನ್ನು ತಗ್ಗಿಸಿ, ಮೆತ್ತಗಾದ ಮೇಲ್ಮೈಗೆ ಖನಿಜವನ್ನು ಮರಳಿಸುತ್ತದೆಯಾದರೂ ಅದಕ್ಕೆ ಸಮಯ ಬೇಕು. ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದು, ಕೂಡಲೇ ಬ್ರಷ್ ಹಿಡಿಯುವವರು ಆ ಸಮಯವನ್ನೇ ಕೊಡುವುದಿಲ್ಲ. ಆರೋಗ್ಯಕ್ಕೆಂದೇ ಮಾಡಿಕೊಂಡ ರೂಢಿ ಹಲ್ಲಿಗೆ ಮುಳುವಾಗುವುದು ಬೇಸರದ ಸಂಗತಿ.

ಸವೆತ ಎಲ್ಲಿದೆ ಎಂಬುದು ಕಾರಣದ ಸುಳಿವು ಕೊಡುತ್ತದೆ. ಮೇಲಿನ ಮುಂಭಾಗದ ಹಲ್ಲುಗಳ ಒಳಬದಿ, ಅಂದರೆ ಅಂಗುಳಿನ ಕಡೆಯ ಮೈ, ನುಣುಪಾಗಿ ತೆಳುವಾಗಿದ್ದರೆ ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತಿರಬಹುದೆಂದು ಶಂಕಿಸಬೇಕು. ಎದೆಯುರಿ, ಹುಳಿತೇಗು ಇಲ್ಲದವರಲ್ಲೂ ಹೀಗಾಗುವುದುಂಟು. ಅಂಥವರು ಹೊಟ್ಟೆಯ ತಪಾಸಣೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಒಸಡಿನ ಅಂಚಿನಲ್ಲಿ, ಉಗುರಿಗೆ ಸಿಗುವಂಥ ಗೀರು ಬಿದ್ದಿದ್ದರೆ ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡಲಾಗಿ ಬಲವಾಗಿ ತಿಕ್ಕುವುದು ಅಥವಾ ಇದ್ದಿಲು, ಇಟ್ಟಿಗೆ ಪುಡಿ ಬಳಸುವುದು ಕಾರಣವಾಗಿರಬಹುದು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ತುದಿಗಳು ಒಂದಕ್ಕೊಂದು ಹೊಂದುವಂತೆ ಚಪ್ಪಟೆಯಾಗಿದ್ದು, ಬೆಳಿಗ್ಗೆ ದವಡೆ ನೋಯುತ್ತಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರುವ ಸಾಧ್ಯತೆಯಿದೆ; ಇದು ಮಾನಸಿಕ ಒತ್ತಡವಿರುವವರಲ್ಲಿ ಹೆಚ್ಚು. ನಮ್ಮಲ್ಲಿ ಅಡಿಕೆಯನ್ನೂ ಮರೆಯುವಂತಿಲ್ಲ. ಗಟ್ಟಿ ಅಡಿಕೆಯನ್ನು ವರ್ಷಗಟ್ಟಲೆ ಅಗಿಯುವವರ ದವಡೆ ಹಲ್ಲುಗಳಲ್ಲಿ ಎನಾಮಲ್ ಪೂರ್ತಿ ಹೋಗಿ, ಅದರಡಿಯ ಹಳದಿ ಬಣ್ಣದ ಡೆಂಟಿನ್ ಬಯಲಾಗಿರುವುದನ್ನು ಕಾಣಬಹುದು. ಬಾಯಿ ಒಣಗಿಸುವ ಅಲರ್ಜಿ ಅಥವಾ ಖಿನ್ನತೆಯ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುವುದರಿಂದ ಅವುಗಳ ವಿಷಯವನ್ನೂ ದಂತವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಒಮ್ಮೆ ಸವೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹುಳಿ ಪಾನೀಯವನ್ನು ಗಂಟೆಗಟ್ಟಲೆ ಗುಟುಕರಿಸದೆ ಊಟದ ಜೊತೆಗೇ ಕುಡಿದು ಮುಗಿಸಿ. ಹುಳಿ ತಿಂದಾಗ ಅಥವಾ ವಾಂತಿಯಾದಾಗ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟಿನಿಂದ ಹಗುರವಾಗಿ ಉಜ್ಜಿ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ರಾತ್ರಿ ಹಲ್ಲಿಗೆ ತೊಡುವ ಕವಚವಾದ ನೈಟ್ ಗಾರ್ಡನ್ನು ದಂತವೈದ್ಯರು ಅಳತೆ ತೆಗೆದು ಮಾಡಿಸಿಕೊಡುತ್ತಾರೆ. ಗೀರುಗಳಿಗೆ ಫಿಲ್ಲಿಂಗ್ ಮಾಡಿಸುವ ಮುನ್ನ ಕಾರಣವನ್ನು ಪತ್ತೆಹಚ್ಚಲು ಅವರನ್ನು ಕೇಳಿ, ಏಕೆಂದರೆ ಕಾರಣ ಹಾಗೇ ಉಳಿದರೆ ಫಿಲ್ಲಿಂಗ್‌ನ ಸುತ್ತಲೂ ಸವೆತ ಮುಂದುವರಿಯುತ್ತದೆ.