ಮೊದಲು ಯೂಸ್ ಕೇಸ್, ಆಮೇಲೆ ಕ್ಲಾಸ್: ಈ ಕ್ರಮ ಎಲ್ಲಿ ತಪ್ಪಿಹೋಯಿತು?

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯುವ ಗುರುತುಗಳ ಭಾಷೆ) ಅಂದರೆ ಪರೀಕ್ಷೆಯ ಚಿತ್ರಗಳೇ ನೆನಪಿಗೆ ಬರುತ್ತವೆ. ಯೂಸ್ ಕೇಸ್‌ಗೆ, ಅಂದರೆ ಬಳಸುವವರು ಒಂದು ಕೆಲಸ ಮಾಡಿಸಿಕೊಳ್ಳುವ ಹಂತಗಳ ವಿವರಣೆಗೆ, ಒಂದು ಪ್ರಶ್ನೆ. ಕ್ಲಾಸ್ ಡಯಾಗ್ರಾಂಗೆ, ಅಂದರೆ ಕೋಡ್‌ನೊಳಗಿನ ವಸ್ತುಗಳ ಮಾದರಿಗಳನ್ನೂ (ಕ್ಲಾಸ್) ಅವುಗಳ ಸಂಬಂಧಗಳನ್ನೂ ತೋರಿಸುವ ಚಿತ್ರಕ್ಕೆ, ಇನ್ನೊಂದು. ಒಂದರಿಂದ ಇನ್ನೊಂದು ಹುಟ್ಟಬೇಕು ಅನ್ನುವುದು ಮಾತ್ರ ತಲೆಗೆ ಹೋಗಿರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಎಷ್ಟೋ ಕಡೆ ಇದೇ ಕಥೆ: ಕೋಡ್ ಎಲ್ಲಾ ಮುಗಿದ ಮೇಲೆ ಡಾಕ್ಯುಮೆಂಟ್‌ಗೆ ಬೇಕು ಅಂತ ಟೂಲ್‌ನಿಂದ ಕ್ಲಾಸ್ ಡಯಾಗ್ರಾಂ ತೆಗೆದು ಸುಮ್ನೆ ಅಂಟಿಸುತ್ತಾರೆ.

ಯೂಸ್ ಕೇಸ್, ಕ್ಲಾಸ್ ಎರಡೂ ಬೇರೆ ಬೇರೆ ಮನೆಗಳಲ್ಲಿ ಬೆಳೆದವು. ಕ್ಲಾಸ್ ಬಂದದ್ದು ನಾರ್ವೆಯಿಂದ, ಡಾಲ್ ಮತ್ತು ನ್ಯೂಗಾರ್ಡ್ ಕಟ್ಟಿದ ಸಿಮ್ಯುಲಾ 67 ಭಾಷೆಯಲ್ಲಿ. ಯೂಸ್ ಕೇಸ್ ಬಂದದ್ದು ಸ್ವೀಡನ್ನಿನ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸದಿಂದ. ಎರಿಕ್ಸನ್‌ನಲ್ಲಿದ್ದ ಇವಾರ್ ಯಾಕಬ್ಸನ್, ಒಬ್ಬರು ಫೋನ್ ಮಾಡಿದಾಗ ಒಳಗೆ ಯಾವ ಭಾಗ ಯಾವ ಭಾಗಕ್ಕೆ ಏನು ಸಿಗ್ನಲ್ ಕಳಿಸುತ್ತದೆ ಅಂತ ಮೇಲಿಂದ ಕೆಳಗೆ ಕ್ರಮವಾಗಿ ಬರೆಯುತ್ತಿದ್ದರು. ಸಂದೇಶಗಳನ್ನು ಬಾಣಗಳಲ್ಲಿ ಕ್ರಮವಾಗಿ ತೋರಿಸುವ ಇವತ್ತಿನ ಸೀಕ್ವೆನ್ಸ್ ಡಯಾಗ್ರಾಂಗೆ ಬೇರು ಅದೇ. ಯೂಸ್ ಕೇಸ್ ವಿಚಾರವನ್ನು ಅವರು 1987ರ ಊಪ್ಸ್ಲಾ ಪ್ರೋಗ್ರಾಮಿಂಗ್ ಸಮ್ಮೇಳನದಲ್ಲಿ ಮಂಡಿಸಿದರು. ಅತ್ತ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಜೇಮ್ಸ್ ರಂಬಾ ಮತ್ತು ಸಂಗಡಿಗರು ವಸ್ತುಗಳು, ಅವುಗಳ ಸಂಬಂಧಗಳಿಂದಲೇ ಶುರು ಮಾಡುವ ಓಎಂಟಿ ವಿಧಾನವನ್ನು 1991ರಲ್ಲಿ ಪುಸ್ತಕವಾಗಿ ತಂದರು.

1995ರ ಹೊತ್ತಿಗೆ ರಂಬಾ, ಯಾಕಬ್ಸನ್ ಇಬ್ಬರೂ ತನ್ನದೇ ವಿನ್ಯಾಸ ವಿಧಾನ ರೂಪಿಸಿದ್ದ ಗ್ರೇಡಿ ಬೂಚ್ ಇದ್ದ ರ‍್ಯಾಷನಲ್ ಕಂಪನಿಗೆ ಬಂದಿದ್ದರು. ಮೂವರ ವಿಧಾನಗಳು ಸೇರಿ ಯುಎಂಎಲ್ ಆಯಿತು. 1997ರ ನವೆಂಬರ್‌ನಲ್ಲಿ ಸಾಫ್ಟ್‌ವೇರ್ ಮಾನದಂಡಗಳನ್ನು ರೂಪಿಸುವ ಓಎಂಜಿ ಸಂಸ್ಥೆ ಯುಎಂಎಲ್ ಅನ್ನು ಮಾನದಂಡವಾಗಿ ಒಪ್ಪಿಕೊಂಡಿತು. ಆದರೆ ಮಾನದಂಡವಾದದ್ದು ಚಿತ್ರದ ಗುರುತುಗಳು ಮಾತ್ರ. ಯಾವುದನ್ನು ಮೊದಲು ಬರೆಯಬೇಕು ಅನ್ನುವುದನ್ನು ಬೇಕೆಂದೇ ಹೊರಗಿಟ್ಟರು. ನಮಗೆ ಗುರುತುಗಳು ಬಂದವು, ಕ್ರಮ ಬರಲಿಲ್ಲ. ನನ್ನ ಪ್ರಕಾರ ನಷ್ಟವಾದದ್ದು ಇಲ್ಲೇ.

ಆ ಕ್ರಮ ಯಾಕೆ ಮುಖ್ಯ ಅಂತ ಮೆಟ್ರೋ ಟಿಕೆಟ್‌ನಲ್ಲಿ ನೋಡೋಣ. ಇಂದಿರಾನಗರದಿಂದ ಮೆಜೆಸ್ಟಿಕ್‌ಗೆ ಮೊಬೈಲ್‌ನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳುವ ಆ್ಯಪ್ ಬರೆಯಬೇಕು ಅಂದುಕೊಳ್ಳಿ. ನೇರವಾಗಿ ಕ್ಲಾಸ್ ಬರೆಯಲು ಕೂತರೆ ಪ್ರಯಾಣಿಕ, ನಿಲ್ದಾಣ, ಟಿಕೆಟ್, ಪಾವತಿ ಅಂತ ಕಣ್ಣಿಗೆ ಕಾಣುವ ಹೆಸರುಗಳೇ ಬರುತ್ತವೆ. ಈಗ ಯೂಸ್ ಕೇಸ್ ಬರೆಯಿರಿ, ಅದರಲ್ಲೂ ಎಡವಟ್ಟಾಗುವ ದಾರಿಯನ್ನು: ಹಣ ಕಟ್ ಆಯಿತು, ಟಿಕೆಟ್ ಬರಲಿಲ್ಲ. ಇದನ್ನು ಸೀಕ್ವೆನ್ಸ್ ಡಯಾಗ್ರಾಂನಲ್ಲಿ ಎಳೆಯುತ್ತಾ ಹೋದರೆ ಬ್ಯಾಂಕಿನಿಂದ ಬರುವ ಉತ್ತರದ ಬಾಣ ಯಾರ ಹತ್ತಿರ ಹೋಗಬೇಕು ಅಂತ ಕೈ ನಿಲ್ಲುತ್ತದೆ, ಯಾಕಂದರೆ ಆ ಹೊತ್ತಿಗೆ ಟಿಕೆಟ್ ಇನ್ನೂ ಹುಟ್ಟಿಯೇ ಇಲ್ಲ, ಅಲ್ವಾ? ಹಾಗಾಗಿ ‘ಬುಕಿಂಗ್’ ಅನ್ನುವ ಹೊಸ ಕ್ಲಾಸ್ ಬೇಕು. ಹಣ ಬಂತಾ, ಟಿಕೆಟ್ ಕೊಟ್ಟಾಯಿತಾ, ವಾಪಸ್ ಕಳಿಸಬೇಕಾ ಅನ್ನುವ ಸ್ಥಿತಿಯೆಲ್ಲ ಅದರಲ್ಲಿರುತ್ತದೆ. ಅದಕ್ಕೆ ಬಂದು ತಾಗುವ ಒಂದೊಂದು ಸಂದೇಶವೂ ಅದರ ಒಂದೊಂದು ಮೆಥಡ್, ಅಂದರೆ ಆ ಕ್ಲಾಸ್ ಮಾಡುವ ಒಂದು ಕೆಲಸ.

2001ರಲ್ಲಿ, ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ಮುಖ್ಯ ಅನ್ನುವ ಅಜೈಲ್ ಪ್ರಣಾಳಿಕೆ ಬಂದ ಮೇಲೆ ದಪ್ಪ ಡಾಕ್ಯುಮೆಂಟ್‌ಗಳ ಜೊತೆ ಈ ಚಿತ್ರಗಳೂ ಮೂಲೆ ಸೇರಿದವು. 2011ರಲ್ಲಿ ಯಾಕಬ್ಸನ್ ತಂಡ ಯೂಸ್ ಕೇಸನ್ನೇ ಸಣ್ಣ ಸಣ್ಣ ತುಂಡು ಮಾಡಿ ಸ್ಪ್ರಿಂಟ್‌ಗೆ (ಅಜೈಲ್ ತಂಡದ ಕೆಲವು ವಾರಗಳ ಕೆಲಸದ ಸುತ್ತು) ಹೊಂದಿಸುವ ದಾರಿ ತೋರಿಸಿತು. ಈಗಂತೂ ಪ್ಲಾಂಟ್‌ಯುಎಂಎಲ್, ಮರ್ಮೇಡ್ ಅನ್ನುವ ಟೂಲ್‌ಗಳಲ್ಲಿ ನಾಲ್ಕು ಸಾಲು ಟೈಪ್ ಮಾಡಿದರೆ ಚಿತ್ರ ರೆಡಿ, 2022ರಿಂದ ಕೋಡ್ ಇಡುವ ತಾಣ ಗಿಟ್‌ಹಬ್ ಮರ್ಮೇಡ್ ಚಿತ್ರವನ್ನು ನೇರವಾಗಿ ತೋರಿಸುತ್ತದೆ. ಕೋಡ್ ರಿವ್ಯೂಗೆ ಕಳಿಸುವಾಗ ಎಡವಟ್ಟಾಗುವ ಒಂದು ದಾರಿಯ ಸೀಕ್ವೆನ್ಸನ್ನಾದರೂ ಜೊತೆಗಿಡಿ. ಕ್ಲಾಸ್ ಡಯಾಗ್ರಾಂ ಅದಾದ ಮೇಲೆ ಬರೆಯಿರಿ.