ವೇಗದ ವಸ್ತುವಿನ ಸ್ಟೀರಿಯೊ ಅಳತೆ: ಕಾಲದ ತಪ್ಪು ಆಳದ ತಪ್ಪಾಗುವ ಬಗೆ

ಒಂದೇ ಬಿಂದು ಎರಡು ಕ್ಯಾಮೆರಾಗಳ ಚಿತ್ರಗಳಲ್ಲಿ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಆ ಜಾಗಗಳ ವ್ಯತ್ಯಾಸವೇ ಡಿಸ್ಪ್ಯಾರಿಟಿ. ಪಿಕ್ಸೆಲ್‌ಗಳಲ್ಲಿ ಅಳೆದ ನಾಭಿದೂರವನ್ನು ಕ್ಯಾಮೆರಾಗಳ ನಡುವಿನ ಅಂತರದಿಂದ, ಅಂದರೆ ಬೇಸ್‌ಲೈನ್‌ನಿಂದ ಗುಣಿಸಿ, ಡಿಸ್ಪ್ಯಾರಿಟಿಯಿಂದ ಭಾಗಿಸಿದರೆ ಬಿಂದುವಿನ ದೂರ, ಅಂದರೆ ಆಳ, ಸಿಗುತ್ತದೆ. ಎರಡೂ ಚಿತ್ರಗಳು ಒಂದೇ ಕ್ಷಣದವು ಎಂಬುದನ್ನು ಈ ಸೂತ್ರ ಸದ್ದಿಲ್ಲದೆ ಒಪ್ಪಿಕೊಂಡಿರುತ್ತದೆ. ಓಡುವ ವಸ್ತುವಿನ ವಿಷಯದಲ್ಲಿ ತೊಡಕು ಹುಟ್ಟುವುದು ಅಲ್ಲಿಯೇ.

ನಾಭಿದೂರ 2000 ಪಿಕ್ಸೆಲ್, ಬೇಸ್‌ಲೈನ್ ಅರ್ಧ ಮೀಟರ್, ವಸ್ತುವಿನ ದೂರ 2 ಮೀಟರ್ ಎಂದುಕೊಂಡರೆ ಡಿಸ್ಪ್ಯಾರಿಟಿ 500 ಪಿಕ್ಸೆಲ್ ಆಗುತ್ತದೆ. ಆ ದೂರದಲ್ಲಿ ಒಂದು ಪಿಕ್ಸೆಲ್ ಎಂದರೆ 1 ಮಿ.ಮೀ. ವಸ್ತು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬೇಸ್‌ಲೈನ್‌ಗೆ ಸಮಾಂತರವಾಗಿ ಸಾಗುತ್ತಿರುವಾಗ ಎರಡನೆಯ ಕ್ಯಾಮೆರಾ ಕೇವಲ 100 ಮೈಕ್ರೊಸೆಕೆಂಡ್ ತಡಮಾಡಿದರೂ, ವಸ್ತು 5 ಮಿ.ಮೀ. ಸರಿದು, ಡಿಸ್ಪ್ಯಾರಿಟಿ 5 ಪಿಕ್ಸೆಲ್ ತಪ್ಪಿ, ಆಳದಲ್ಲಿ ಸುಮಾರು 20 ಮಿ.ಮೀ. ದೋಷ ಉಂಟಾಗುತ್ತದೆ. ತಪ್ಪು ನಾಲ್ಕು ಪಟ್ಟಾಯಿತಲ್ಲ ಎನ್ನುವುದಕ್ಕಿಂತ ಅದು ಕಣ್ಣಿಗೆ ಬೀಳುವುದಿಲ್ಲ ಎಂಬುದು ನನಗೆ ಹೆಚ್ಚು ಚಿಂತೆಯ ವಿಷಯ: ಮೇಲ್ಮೈ ನುಣುಪಾಗಿಯೇ ಮೂಡುತ್ತದೆ, ಇರಬೇಕಾದ ಜಾಗದಲ್ಲಿ ಮಾತ್ರ ಇರುವುದಿಲ್ಲ. ಬೇಸ್‌ಲೈನನ್ನು ಚಲನೆಗೆ ಲಂಬವಾಗಿ ಇಟ್ಟರೆ ಅದೇ 5 ಪಿಕ್ಸೆಲ್ ಎಪಿಪೋಲಾರ್ ರೇಖೆಯಿಂದ, ಅಂದರೆ ಒಂದು ಚಿತ್ರದ ಬಿಂದುವಿನ ಜೋಡಿ ಇನ್ನೊಂದು ಚಿತ್ರದಲ್ಲಿ ಬೀಳಲೇಬೇಕಾದ ಗೆರೆಯಿಂದ, ಆಚೆಗೆ ಜಾರುವುದರಿಂದ ದೋಷ ಸಿಕ್ಕಿಬೀಳುತ್ತದೆ. ಸಾಧ್ಯವಾದಾಗಲೆಲ್ಲ ಹಾಗೆಯೇ ಇಡುವುದು ಮೇಲು.

ಚಿತ್ರದ ಮಸುಕನ್ನು ಅರ್ಧ ಪಿಕ್ಸೆಲ್‌ಗೆ ಇಳಿಸಲು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿ, 10 ಮೈಕ್ರೊಸೆಕೆಂಡ್ ಮೀರಬಾರದು. ಸೆಕೆಂಡಿನ ನೂರನೇ ಒಂದು ಭಾಗದ ಎಕ್ಸ್‌ಪೋಷರ್‌ಗೆ ಹೋಲಿಸಿದರೆ ಇದು ಸಾವಿರದಲ್ಲೊಂದು ಪಾಲು ಬೆಳಕು. ಆ ಕೊರತೆ ತುಂಬಲು ಲೆನ್ಸಿನ ರಂಧ್ರವನ್ನು ಹಿಗ್ಗಿಸಿದರೆ ಫೋಕಸ್ ಉಳಿಯುವ ಆಳ ಕುಗ್ಗುತ್ತದೆ. ಕತ್ತಲ ಕೋಣೆಯಲ್ಲಿ ಎರಡೂ ಶಟರ್‌ಗಳನ್ನು ತೆರೆದಿಟ್ಟು ಒಂದೇ ಒಂದು ಕಿರು ಫ್ಲ್ಯಾಶ್ ಹೊಡೆಯುವುದು ಹಳೆಯ, ಆದರೆ ಜಾಣ ಉಪಾಯ: ಕ್ಷಣವನ್ನು ಬೆಳಕೇ ಗೊತ್ತುಮಾಡುವುದರಿಂದ ಮಸುಕಿನ ಜೊತೆಗೆ ಕ್ಯಾಮೆರಾಗಳ ಕಾಲವ್ಯತ್ಯಾಸವೂ ನಿವಾರಣೆಯಾಗುತ್ತದೆ.

ಗುರುತುಗಳೇ ಇಲ್ಲದ ಬೋಳು ಮೇಲ್ಮೈಯಲ್ಲಿ ಬಿಂದುಗಳನ್ನು ಹೊಂದಿಸಲಾಗದು. ಬಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆಗಳನ್ನು ಅಡ್ಡಾದಿಡ್ಡಿಯಾಗಿ ಸಿಂಪಡಿಸಿದರೆ ಸಾಕು. ಸಾಲುಸಾಲಾಗಿ ಓದುವ ರೋಲಿಂಗ್ ಶಟರ್ ಆಕಾರವನ್ನೇ ಓರೆಯಾಗಿಸುವುದರಿಂದ, ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವ ಗ್ಲೋಬಲ್ ಶಟರ್ ಬೇಕು.

ಎರಡೂ ಕ್ಯಾಮೆರಾಗಳ ಕಾಲ ಹೊಂದಿದೆಯೇ ಎಂಬ ಪರೀಕ್ಷೆಗೆ ಚುಕ್ಕೆ ಬಳಿದ ಚಪ್ಪಟೆ ತಟ್ಟೆಯೊಂದನ್ನು ಕ್ಯಾಮೆರಾಗಳಿಗೆ ಎದುರಾಗಿಟ್ಟು ಚಕ್ರದಂತೆ ತಿರುಗಿಸಬೇಕು. ಬೇಸ್‌ಲೈನ್ ಅಡ್ಡಲಾಗಿದ್ದರೆ ತಟ್ಟೆಯ ಮೇಲಂಚು ಒಂದು ಕಡೆಗೂ ಕೆಳಗಿನ ಅಂಚು ಇನ್ನೊಂದು ಕಡೆಗೂ ಓಡುತ್ತಿರುತ್ತವೆ. ಕಾಲ ಹೊಂದಿರದಿದ್ದರೆ ಒಂದಂಚು ಹತ್ತಿರ, ಇನ್ನೊಂದು ದೂರವೆಂದು ಲೆಕ್ಕ ಬಂದು, ನೆಟ್ಟಗಿರುವ ತಟ್ಟೆ ವಾಲಿದಂತೆ ಕಾಣುತ್ತದೆ. ತಿರುಗುವ ದಿಕ್ಕನ್ನು ಬದಲಿಸಿದಾಗ ವಾಲುವ ದಿಕ್ಕೂ ಬದಲಾದರೆ, ದೋಷವಿರುವುದು ಕ್ಯಾಮೆರಾಗಳ ಜಾಗ, ನಾಭಿದೂರ ಮೊದಲಾದವನ್ನು ಗೊತ್ತುಮಾಡುವ ಕ್ಯಾಲಿಬ್ರೇಷನ್‌ನಲ್ಲಲ್ಲ, ಚಿತ್ರ ತೆಗೆಯುವ ಕ್ಷಣವನ್ನು ಕ್ಯಾಮೆರಾಗಳಿಗೆ ತಿಳಿಸುವ ಟ್ರಿಗರ್‌ನಲ್ಲಿ.