ಒಂದು ಲೀಟರ್ ಗಾತ್ರದ ಉಪಗ್ರಹ, ನಾಲ್ಕು ವರ್ಷದ ತಂಡ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರ್ ಆರಂಭವಾದ ಕೆಲವೇ ವಾರಗಳಲ್ಲಿ ವಿದ್ಯಾರ್ಥಿ ತಂಡಗಳು ಹೊಸಬರನ್ನು ಸೇರಿಸಿಕೊಳ್ಳಲು ತೊಡಗುತ್ತವೆ. ರೇಸ್ ಕಾರು, ಡ್ರೋನ್, ರೋಬೋಟ್ ಕಟ್ಟುವ ತಂಡಗಳ ನಡುವೆ ಉಪಗ್ರಹ ತಂಡದ ಕಡೆಗೆ ಹೊಸಬರ ಕಣ್ಣು ಹೋಗುವುದು ಸಹಜವೇ, ಏಕೆಂದರೆ ಇಸ್ರೋದ ಕೇಂದ್ರ ಕಚೇರಿಯಿರುವ ಊರಿನಲ್ಲಿ ಉಪಗ್ರಹವೆಂದರೆ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ ಆಗಿ ಉಳಿದಿಲ್ಲ. ಬೀದಿಗೊಬ್ಬರಾದರೂ ಅಲ್ಲಿ ಕೆಲಸ ಮಾಡಿದವರೋ ಅವರ ನೆಂಟರೋ ಇರುತ್ತಾರೆ. ಆದರೆ ತಂಡಕ್ಕೆ ಸೇರಿದವರ ಕೈಗೆ ಮೊದಲ ತಿಂಗಳುಗಳಲ್ಲಿ ಸಿಗುವುದು ಬಹುಮಟ್ಟಿಗೆ ಒಂದು ಎಕ್ಸೆಲ್ ಹಾಳೆ, ಸೀನಿಯರ್‌ಗಳು ಬರೆದಿಟ್ಟ ದಾಖಲೆಗಳ ಕಂತೆ ಮತ್ತು ಎಸ್.ಪಿ. ರಸ್ತೆಯಿಂದ ತರಬೇಕಾದ ಬಿಡಿಭಾಗಗಳ ಪಟ್ಟಿ. ಇಷ್ಟಕ್ಕೇ ಬೇಸತ್ತು ಬಿಟ್ಟುಹೋಗುವವರೂ ಉಂಟು. ಉಪಗ್ರಹ ವಿಜ್ಞಾನದ ನಿಜವಾದ ಸ್ವಾರಸ್ಯ ಆ ಹಾಳೆಯಲ್ಲೂ ಆ ಕಂತೆಯಲ್ಲೂ ಇದೆ ಎಂಬುದು ಈ ಲೇಖಕನ ಅಭಿಪ್ರಾಯ.

ಇಂಥ ಉಪಗ್ರಹಗಳು ವಿದ್ಯಾರ್ಥಿಗಳ ಕೈಗೆಟುಕಲು ಮುಖ್ಯ ಕಾರಣ ಅಳತೆಯ ಕುರಿತಾದ ಒಂದು ಒಪ್ಪಂದ. 1999ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಜೋರ್ಡಿ ಪುಯಿಗ್-ಸುಆರಿ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಬ್ ಟ್ವಿಗ್ಸ್ ಅವರು ಪ್ರತಿ ಬದಿಯೂ 10 ಸೆಂಟಿಮೀಟರ್ ಇರುವ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ ಘನಾಕೃತಿಯನ್ನು ಮಾನಕವಾಗಿ ಮುಂದಿಟ್ಟರು. ಅದೇ ಕ್ಯೂಬ್‌ಸ್ಯಾಟ್. ಹೊರಗಿನ ಅಳತೆ ನಿಗದಿಯಾದ ಮೇಲೆ ಒಂದೇ ಬಗೆಯ ಸ್ಪ್ರಿಂಗ್ ಪೆಟ್ಟಿಗೆಯಿಂದ ಯಾರ ಉಪಗ್ರಹವನ್ನಾದರೂ ಕಕ್ಷೆಗೆ ದೂಡಬಹುದಾಯಿತು. ನಮ್ಮಲ್ಲಿ ಕರ್ನಾಟಕ ಮತ್ತು ಆಗಿನ ಆಂಧ್ರಪ್ರದೇಶದ 7 ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ, ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸ್ಟುಡ್‌ಸ್ಯಾಟ್-1, 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್‌ನಲ್ಲಿ ಕಾರ್ಟೋಸ್ಯಾಟ್-2ಬಿ ಜೊತೆಗೆ ಹಾರಿತು. ಅದರ ಭೂಕೇಂದ್ರ ಇದ್ದದ್ದು ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯದಲ್ಲಿ. 2016ರ ಸೆಪ್ಟೆಂಬರ್ 26ರಂದು ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಪಿಎಸ್‌ಎಲ್‌ವಿ-ಸಿ35 ಏರಿತು.

ಈಗ ಎಕ್ಸೆಲ್ ಹಾಳೆಗೆ ಬರೋಣ. ಭೂಮಿಯ ಸಮೀಪ, ವಾತಾವರಣದ ಹೊರಗೆ, ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು ಬೀಳುತ್ತದೆ. 10 ಸೆಂಟಿಮೀಟರ್ ಚೌಕದ ಒಂದು ಮುಖಕ್ಕೆ ಅದರಲ್ಲಿ ದಕ್ಕುವುದು ಹದಿಮೂರೂವರೆ ವ್ಯಾಟ್. ಸೌರಕೋಶಗಳು ಇಡೀ ಮುಖವನ್ನು ತುಂಬುವುದಿಲ್ಲ. ತುಂಬಿದಷ್ಟರಲ್ಲಿ, ಉತ್ತಮ ದರ್ಜೆಯ ಕೋಶಗಳೂ ಬೆಳಕಿನ ಶೇಕಡ 30ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತವೆ. ಹೀಗೆ ಕಳೆಯುತ್ತ ಬಂದರೆ ಉಳಿಯುವುದು ಎರಡು ಚಿಲ್ಲರೆ ವ್ಯಾಟ್. ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ತಗಲುವ 95 ನಿಮಿಷಗಳಲ್ಲಿ 35 ನಿಮಿಷದಷ್ಟು ಕಾಲ ಉಪಗ್ರಹ ಭೂಮಿಯ ನೆರಳಿನಲ್ಲಿರುವುದರಿಂದ ಸರಾಸರಿ ಇನ್ನೂ ಇಳಿದು ಒಂದೂವರೆ ವ್ಯಾಟಿನ ಆಸುಪಾಸಿಗೆ ಬರುತ್ತದೆ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಉರಿಸಲೂ ಸಾಲದ ಈ ಆದಾಯದಲ್ಲಿ ಕಂಪ್ಯೂಟರ್, ರೇಡಿಯೋ, ಕ್ಯಾಮೆರಾ, ದಿಕ್ಕು ತಿದ್ದುವ ಸುರುಳಿಗಳು, ಚಳಿಯಲ್ಲಿ ಬ್ಯಾಟರಿಯನ್ನು ಬೆಚ್ಚಗಿಡುವ ಹೀಟರ್ ಎಲ್ಲವೂ ನಡೆಯಬೇಕು. ಒಂದು ವ್ಯಾಟ್ ಸಂಕೇತ ಹೊರಡಿಸುವ ರೇಡಿಯೋ ತಾನೇ ಮೂರು ನಾಲ್ಕು ವ್ಯಾಟ್ ಎಳೆಯುವುದರಿಂದ ಅದನ್ನು ಸದಾ ಚಾಲೂ ಇಡುವ ಮಾತೇ ಇಲ್ಲ. ಯಾವ ಉಪಕರಣ ಯಾವಾಗ, ಎಷ್ಟು ನಿಮಿಷ ಎಂಬ ಜಮಾಖರ್ಚೇ ಆ ಹಾಳೆ. ವಿದ್ಯುತ್ತಿನ ವಿಷಯದಲ್ಲಿ ಅನುಭವಿಗಳಿಗೂ ಪೆಟ್ಟು ತಪ್ಪಿಲ್ಲ: ಪೀಣ್ಯದ ಶೆಡ್‌ಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತದ್ದು ವಿದ್ಯುತ್ ವ್ಯವಸ್ಥೆಯ ದೋಷದಿಂದಲೇ.

ಸಂಪರ್ಕದ ಲೆಕ್ಕವೂ ಇಷ್ಟೇ ಬಿಗಿ. ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಯ ಉಪಗ್ರಹ ದಿನಕ್ಕೆ ಸುಮಾರು 15 ಸುತ್ತು ಹಾಕಿದರೂ ಬೆಂಗಳೂರಿನ ಆಂಟೆನಾಕ್ಕೆ ಕಾಣುವುದು ಹಗಲಿನಲ್ಲಿ ಒಂದೆರಡು ಸಲ, ರಾತ್ರಿ ಒಂದೆರಡು ಸಲ, ಪ್ರತಿ ಸಲವೂ ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. ಸೆಕೆಂಡಿಗೆ 9600 ಬಿಟ್ ವೇಗದ ರೇಡಿಯೋ ಹತ್ತು ನಿಮಿಷ ನಿರಂತರ ಕಳಿಸಿದರೆ ಬರುವ ಮಾಹಿತಿ ಸುಮಾರು 720 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇಳಿಸಿಕೊಳ್ಳಲು ಇಡೀ ದಿನ ಬೇಕಾದೀತು. ಕ್ಯಾಮೆರಾದ ಗುಣಮಟ್ಟದ ಬಗ್ಗೆ ದೊಡ್ಡ ಮಾತಾಡುವ ಹೊಸ ಸದಸ್ಯರಿಗೆ ಸೀನಿಯರ್‌ಗಳು ಮೊದಲು ಈ ಗುಣಾಕಾರ ಮಾಡಿಸುವುದು ಒಳ್ಳೆಯದು.

ಆಂಟೆನಾ ಮಾತ್ರ ನೋಡಲು ತೀರ ಸಾಧಾರಣ ವಸ್ತು. ಅನೇಕ ತಂಡಗಳು ಅದನ್ನು ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪಿನ ಪಟ್ಟಿಯಿಂದಲೇ ಮಾಡುತ್ತವೆ. ಪಟ್ಟಿಯನ್ನು ಮಡಚಿ ನೈಲಾನ್ ದಾರದಿಂದ ಕಟ್ಟಿರುತ್ತಾರೆ. ರಾಕೆಟ್‌ನಿಂದ ಬೇರ್ಪಟ್ಟು ಅರ್ಧ ಗಂಟೆ ಕಳೆದ ನಂತರ ದಾರಕ್ಕೆ ತಾಗಿಕೊಂಡಿರುವ ಪುಟ್ಟ ರೆಸಿಸ್ಟರ್ ಕಾದು ದಾರವನ್ನು ಸುಟ್ಟಾಗ ಪಟ್ಟಿ ತಾನಾಗಿ ಚಿಮ್ಮಿ ನೆಟ್ಟಗಾಗಬೇಕು. ಲ್ಯಾಬಿನ ಮೇಜಿನ ಮೇಲೆ ಇದು ಸಲೀಸಾಗಿ ನಡೆಯುತ್ತದೆ. ನಿರ್ವಾತದಲ್ಲಿ ಶಾಖವನ್ನು ಒಯ್ಯಲು ಗಾಳಿಯಿಲ್ಲ, ನೆರಳಿನ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ, ಸಡಿಲವಾದ ದಾರ ರೆಸಿಸ್ಟರಿನಿಂದ ಕೂದಲೆಳೆಯಷ್ಟು ಸರಿದಿದ್ದರೂ ಸುಡುವುದಿಲ್ಲ. ಅದಕ್ಕಾಗಿ ಮಡಚು, ಕಟ್ಟು, ಸುಡು ಎಂಬ ಪರೀಕ್ಷೆಯನ್ನು ಬಿಸಿಯಲ್ಲೂ ಚಳಿಯಲ್ಲೂ ನಿರ್ವಾತ ಕೋಣೆಯಲ್ಲೂ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮೊದಲ ವರ್ಷದವರಿಗೆ ವಹಿಸಬಹುದಾದ, ಆದರೆ ಕೈತಪ್ಪಿದರೆ ಇಡೀ ಉಪಗ್ರಹವೇ ಮೂಕವಾಗುವ ಕೆಲಸವಿದು.

ಇನ್ನು ಆ ದಾಖಲೆಗಳ ಕಂತೆ. ಅದರ ಬೆಲೆ ತಿಳಿಯಲು ಒಂದೇ ಚಿಹ್ನೆಯನ್ನು ನೋಡಿದರೆ ಸಾಕು. ರಾಕೆಟ್‌ನಿಂದ ಹೊರಬಿದ್ದ ಉಪಗ್ರಹ ಗಿರಗಿರನೆ ತಿರುಗುತ್ತಿರುತ್ತದೆ. ಅದನ್ನು ನಿಧಾನಗೊಳಿಸಲು ತಾಮ್ರದ ತಂತಿಯ ಸುರುಳಿಗಳಲ್ಲಿ ವಿದ್ಯುತ್ ಹರಿಸಿ ಅವನ್ನು ಅಯಸ್ಕಾಂತವಾಗಿಸುತ್ತಾರೆ. ಭೂಮಿಯ ಕಾಂತಕ್ಷೇತ್ರ ದಿಕ್ಸೂಚಿಯ ಮುಳ್ಳನ್ನು ಎಳೆಯುವಂತೆ ಈ ಸುರುಳಿಯನ್ನೂ ಎಳೆಯುತ್ತದೆ. ಸಂವೇದಕವು ಕಾಂತಕ್ಷೇತ್ರ ಯಾವ ಕಡೆಗೆ ಬದಲಾಗುತ್ತಿದೆ ಎಂದು ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ವಿರುದ್ಧ ದಿಕ್ಕಿನ ಅಯಸ್ಕಾಂತತ್ವವನ್ನು ಸುರುಳಿಯಲ್ಲಿ ಮೂಡಿಸುತ್ತದೆ, ತಿರುಗುವಿಕೆ ಕ್ರಮೇಣ ತಗ್ಗುತ್ತದೆ. ಸೂತ್ರ ಒಂದು ಸಾಲಿನದು. ಆದರೆ ಸಂವೇದಕವನ್ನು ಜೋಡಿಸಿದವರು ಒಂದು ಅಕ್ಷವನ್ನು ಧನ ದಿಕ್ಕೆಂದು ಭಾವಿಸಿ, ಸಾಫ್ಟ್‌ವೇರ್ ಬರೆದವರು ಅದನ್ನೇ ಋಣ ದಿಕ್ಕೆಂದು ಹಿಡಿದಿದ್ದರೆ, ತಡೆಯಬೇಕಾದ ಬಲವೇ ತಳ್ಳುವ ಬಲವಾಗಿ ಉಪಗ್ರಹ ಇನ್ನಷ್ಟು ಜೋರಾಗಿ ತಿರುಗುತ್ತದೆ. ಇಬ್ಬರ ಕೆಲಸವೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಯಾವ ಅಕ್ಷ ಎತ್ತ ಎಂಬುದನ್ನು ಒಂದೇ ಪುಟದಲ್ಲಿ ಚಿತ್ರ ಸಮೇತ ಬರೆದು ಇಬ್ಬರೂ ಸಹಿ ಹಾಕಿದ್ದರೆ ಈ ಅನಾಹುತವಿಲ್ಲ. ಜಾಣ ತಂಡಗಳು ಆ ಚಿಹ್ನೆಯನ್ನು ನೆಲದಿಂದಲೇ ಬದಲಿಸಬಹುದಾದ ಸಂಖ್ಯೆಯಾಗಿಯೂ ಇಟ್ಟಿರುತ್ತವೆ.

ಬರೆದಿಡಲೇಬೇಕಾದ ಇನ್ನೊಂದು ಕಾರಣ ಕ್ಯಾಲೆಂಡರಿನಲ್ಲಿದೆ. ಇಂಜಿನಿಯರಿಂಗ್ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷ ಕಲಿಯುವುದರಲ್ಲಿ ಕಳೆದರೆ ಕೊನೆಯ ವರ್ಷ ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಮುಗಿಯುತ್ತದೆ, ನಡುವೆ ಇಂಟರ್ನಲ್ಸ್ ಬಂದಾಗಲೆಲ್ಲ ಲ್ಯಾಬ್ ಖಾಲಿ. ಇತ್ತ ವಿನ್ಯಾಸ, ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟದೊಡನೆ ತರಂಗಾಂತರದ ಸಮನ್ವಯ, ಸರ್ಕಾರೇತರ ಉಪಗ್ರಹಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿ, ಕಂಪನ ಪರೀಕ್ಷೆ, ಉಡಾವಣೆಯ ಸರದಿ ಇವೆಲ್ಲ ಕೂಡಿದರೆ ಒಂದು ಬ್ಯಾಚಿನ ಅವಧಿ ಸುಲಭವಾಗಿ ಮೀರುತ್ತದೆ. ಹೀಗಾಗಿ ವಿನ್ಯಾಸ ಮಾಡಿದವರು ಉಡಾವಣೆಯ ಹೊತ್ತಿಗೆ ಬೇರೆಲ್ಲೋ ನೌಕರಿಯಲ್ಲಿರುತ್ತಾರೆ, ಭೂಕೇಂದ್ರದಲ್ಲಿ ಕಿವಿಗೊಟ್ಟು ಕೂತವರು ಅವರ ಮುಖವನ್ನೇ ನೋಡಿರುವುದಿಲ್ಲ. ಹೊಸಬರನ್ನು ಆಯ್ಕೆಮಾಡುವಾಗ ಕೋಡಿಂಗ್ ಬಲ್ಲೆಯಾ ಎಂದು ಕೇಳುವಷ್ಟೇ ಗಂಭೀರವಾಗಿ, ಮಾಡಿದ್ದನ್ನು ಬರೆದಿಡುತ್ತೀಯಾ ಎಂದೂ ಕೇಳಬೇಕು.

ಈ ಕಾಲದ ಒತ್ತಡವನ್ನು ಹಗುರ ಮಾಡುವ ದಾರಿಯೊಂದು ಈಚೆಗೆ ತೆರೆದಿದೆ. ಪಿಎಸ್‌ಎಲ್‌ವಿ ರಾಕೆಟ್‌ನ ಬಳಸಿ ಮುಗಿದ ನಾಲ್ಕನೆಯ ಹಂತವನ್ನು ಇಸ್ರೋ 'ಪೋಯೆಮ್' ಎಂಬ ಹೆಸರಿನಲ್ಲಿ ಪ್ರಯೋಗ ವೇದಿಕೆಯಾಗಿ ಬಳಸುತ್ತಿದೆ. ಅದಕ್ಕೆ ತನ್ನದೇ ಸೌರಫಲಕ, ಬ್ಯಾಟರಿ, ದಿಕ್ಕು ನಿಯಂತ್ರಣಗಳಿವೆ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆರ್‌ವಿಸ್ಯಾಟ್-1 ಈ ವೇದಿಕೆಗೆ ಜೋಡಣೆಗೊಂಡೇ ಹೋಯಿತು. ಅದರೊಳಗಿದ್ದದ್ದು ಮನುಷ್ಯನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸುವ ಪ್ರಯೋಗ. ಬೇರ್ಪಟ್ಟು ಒಂಟಿಯಾಗಿ ಬದುಕುವ ಉಪಗ್ರಹ ಕಲಿಸುವ ಕೆಲವು ಪಾಠಗಳು ಈ ದಾರಿಯಲ್ಲಿ ತಪ್ಪಿಹೋಗುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಒಂದು ಬ್ಯಾಚ್ ಓದು ಮುಗಿಸುವ ಮೊದಲೇ ತನ್ನ ಪ್ರಯೋಗದ ಫಲಿತಾಂಶ ನೋಡುವ ಸಾಧ್ಯತೆ ಇಲ್ಲಿ ಹೆಚ್ಚು, ಮತ್ತು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ವಿಭಾಗದವರ ಪಕ್ಕದಲ್ಲಿ ಬಯೋಟೆಕ್ನಾಲಜಿ ಓದುವವರಿಗೂ ಉಪಗ್ರಹ ತಂಡದಲ್ಲಿ ಮೊದಲ ದಿನದಿಂದಲೇ ಕೆಲಸವಿರುತ್ತದೆ.